ಆಳೆತ್ತರದ ಕೋಳಿ ಬಾಗಿಲು

ಬೀದಿಯ ಕೊನೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಮನೆಗಳಿವೆ. ಹಿಂದೆ ಹಿತ್ತಲು, ಹಿತ್ತಲಿನ ನಡುವೆ ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಆ ಬೀದಿಗೆ ಹೊಸದಾಗಿ ಬಂದವರು ಯಾರಾದರೂ, "ಇದೇನಮ್ಮಾ, ಗೋಡೆನೂ ಕಟ್ಟಿ ಬಾಗಿಲೂ ಇಟ್ಟಿದ್ದೀರಿ?" ಎಂದು ಕೇಳಿದರೆ, ಈಚೆ ಮನೆಯ ಕಾಜಾ ಅಕ್ಕ ಹಲ್ಲಲ್ಲಿ ದಾರ ಕಡಿದು, "ಅದು ಕೋಳಿ ಓಡಾಡೋಕೆ" ಎನ್ನುತ್ತಾಳೆ. ಕೇಳಿದವರು ಬಾಗಿಲನ್ನು ಇನ್ನೊಂದು ಸಲ ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ಆಳೊಬ್ಬ ತಲೆ ಬಗ್ಗಿಸದೆ ದಾಟಬಹುದಾದ ಬಾಗಿಲು ಅದು. ಇವಳಿಗೇನೋ ಸ್ವಲ್ಪ ಸಡಿಲ ಎಂದುಕೊಂಡು ಹೋಗುವವರೂ ಇದ್ದಾರೆ. ಅಂದುಕೊಳ್ಳಲಿ ಬಿಡಿ, ಅವಳಿಗೇನೂ ನಷ್ಟವಿಲ್ಲ.

ಕಾಜಾ ಅಕ್ಕ ಎಂದು ಹೆಸರು ಬಿದ್ದದ್ದು ಕೆಲಸದಿಂದ. ಪೇಟೆಯ ಟೈಲರ್ ಅಂಗಡಿಗಳಲ್ಲಿ ಹೊಲಿದ ಅಂಗಿಗಳು ಗಂಟುಗಂಟಾಗಿ ಅವಳ ಮನೆಗೆ ಬರುತ್ತಿದ್ದವು. ಗುಂಡಿ ತೂರುವ ಸೀಳಿಗೆ ಕಾಜಾ ಎನ್ನುತ್ತಾರಲ್ಲ, ಅದನ್ನು ಬ್ಲೇಡಿನ ತುದಿಯಲ್ಲಿ ಸೀಳಿ, ಅಂಚಿಗೆ ಒತ್ತೊತ್ತಾಗಿ ದಾರ ಹಾಕಿ, ಎದುರಿನ ಪಟ್ಟಿಗೆ ಗುಂಡಿ ಹಚ್ಚುವುದು ಅವಳ ಪಾಲಿನ ಕೆಲಸ. ಈಗ ಯಂತ್ರ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಜಾ ಹೊಡೆದು ಬಿಸಾಡುತ್ತದೆ. ಆದರೂ ಅವಳ ಕೈಯ ಕಾಜಾ ಬೇಕು ಎನ್ನುವ ಹಳೇ ಗಿರಾಕಿಗಳು ಉಳಿದಿದ್ದಾರೆ. ಅವಳು ಹಿಂದಿನ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಅಂಗಿ ಹರಡಿ, ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಕಣ್ಣು ಕೋಳಿಗಳ ಮೇಲೆ ಇಟ್ಟೇ ಆಯಸ್ಸು ಕಳೆದವಳು.

ಅವಳು ಮದುವೆಯಾಗಿ ಬಂದಾಗ ಅದು ಒಂದೇ ಮನೆ, ಒಂದೇ ಹಿತ್ತಲು. ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ಮತ್ತೆ ಪಂಪು ರಿಪೇರಿ ಮಾಡುವ ಇವಳ ಗಂಡ. ಭಾವನ ಹೆಂಡತಿಗೆ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಅಷ್ಟು ಮಕ್ಕಳನ್ನು ಸಾಲಾಗಿ ಕೂರಿಸಿ ಗದ್ದಲವಿಲ್ಲದೆ ಉಣ್ಣಿಸುವ ಗಂಟಲು ಅವಳದು, ಮನೆಗೆ ಬಂದರೂ ಆ ಗಂಟಲು ಇಳಿಯುತ್ತಿರಲಿಲ್ಲ. ಇವಳು ಅವಳನ್ನು ಅಕ್ಕ ಎಂದೇ ಕರೆದಳು. ವಾರಗಿತ್ತಿಯರು ಅಂದರೆ ಹಾವು ಮುಂಗುಸಿ ಎಂದುಕೊಂಡ ಬೀದಿಯ ಹೆಂಗಸರಿಗೆ ನಿರಾಸೆಯಾಗುವ ಹಾಗೆ ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗು ಕೇಳಿ ಅತ್ತೆ ಒಳಗಿಂದ, "ಒಗೆಯೋ ಬಟ್ಟೆ ಹರೀತು, ಇನ್ನು ಸಾಕು" ಎಂದು ಕೂಗಬೇಕಿತ್ತು.

ಅತ್ತೆಯ ಜೀವವೆಲ್ಲ ಕೋಳಿಗಳಲ್ಲಿತ್ತು. ಕಪ್ಪು ಮೈಮೇಲೆ ಬಿಳಿ ಚುಕ್ಕಿಯ ಕೋಳಿಗಳು, ಅವರ ತವರಿನಿಂದ ಬಂದ ತಳಿ. ಸಂಜೆ ನುಚ್ಚಿನ ಬಟ್ಟಲು ತಟ್ಟಿದರೆ ಎಲ್ಲಿದ್ದರೂ ಸೀರೆ ಎತ್ತಿಕೊಂಡು ಓಡಿ ಬರುವ ಹೆಂಗಸರ ಹಾಗೆ ಬರುತ್ತಿದ್ದವು. ಒಮ್ಮೆ ಅತ್ತೆಯ ತಂಗಿ ಎರಡು ಹೇಂಟೆ ಕೊಟ್ಟು ಕಳಿಸಿದರು. ಅತ್ತೆ ಅವನ್ನು ಹಿತ್ತಲಿಗೆ ಬಿಡಲೇ ಇಲ್ಲ. ಮನೆಯ ಮುಂಭಾಗದ ಸೌದೆ ಕೋಣೆಯಲ್ಲಿ ಕೂಡಿಹಾಕಿ, ನೀರು ಕಾಳು ಹಾಕುವ ಕೆಲಸವನ್ನು ಹೊಸ ಸೊಸೆಗೆ ವಹಿಸಿದರು.

"ಮೊದಲು ನಮ್ಮ ಕೋಳಿಗೆ ಹಾಕಿ ಆಮೇಲೆ ಇವಕ್ಕೆ ಹಾಕು. ಇವಕ್ಕೆ ಹಾಕಿದ ಮೇಲೆ ಕೈ ತೊಳಿ, ಚಪ್ಪಲಿ ಬದಲಾಯಿಸು" ಎಂದರು.

"ಯಾಕತ್ತೆ, ಇವೇನು ಕಳ್ಳಕೋಳೀನಾ?"

"ಮೈಯಲ್ಲಿ ಏನಿದೆ ಅಂತ ಅದಕ್ಕೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಒಂದು ತಿಂಗಳು ಹೋಗಲಿ. ಸೀನುತ್ತಾ, ಕಣ್ಣಲ್ಲಿ ನೀರು ಬರುತ್ತಾ, ಹಿಕ್ಕೆ ಹೇಗಿದೆ, ಎಲ್ಲ ನೋಡು. ಆಮೇಲೆ ಜಾಲರಿ ಕಟ್ಟಿ ಮುಖ ತೋರಿಸೋಣ. ಮುಖ ಪರಿಚಯ ಆದ ಮೇಲೇ ಒಟ್ಟಿಗೆ ಬಿಡೋದು."

ಅಕ್ಕ ಆಗ ಮನೆಯಲ್ಲಿರಲಿಲ್ಲ. ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅವಳು ಮಗಳನ್ನೆತ್ತಿಕೊಂಡು ವಾಪಸು ಬರುವಷ್ಟರಲ್ಲಿ ಆ ಎರಡು ಹೇಂಟೆ ಗುಂಪಿನಲ್ಲಿ ಬೆರೆತು, ಯಾವುದು ಹೊಸದು ಯಾವುದು ಹಳೆಯದು ಎಂದು ಹೇಳಲಾಗದಂತಾಗಿದ್ದವು. ಇದನ್ನು ನೆನಪಿಟ್ಟುಕೊಳ್ಳಿ. ಇವರಿಬ್ಬರ ಬಾಳಿನಲ್ಲಿ ಆದದ್ದಕ್ಕೆಲ್ಲ ಬೇರು ಇಲ್ಲೇ ಇದೆ, ಮತ್ತು ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಅತ್ತೆ ತೀರಿಕೊಂಡರು. ಮುಂದಿನ ವರ್ಷ ಹಾಸ್ಟೆಲಿಗೆ ಮೊಟ್ಟೆ ತರುವವನು ಅಕ್ಕನಿಗೆ ನಾಲ್ಕು ದಷ್ಟಪುಷ್ಟ ಹೇಂಟೆ ಕೊಟ್ಟ. ಅತ್ತೆಯಿಲ್ಲದೆ ಹಿತ್ತಲು ಬಿಕೋ ಎನ್ನುತ್ತಿತ್ತು, ತುಂಬಿಕೊಳ್ಳಲಿ ಎಂಬ ಆಸೆಯಿಂದ ಅಕ್ಕ ಅವನ್ನು ತಂದವಳೇ ನೇರವಾಗಿ ಗುಂಪಿಗೆ ಬಿಟ್ಟಳು. ಕಾಜಾ ಅಕ್ಕ ಆ ಹೊತ್ತು ಅಂಗಿ ಗಂಟು ಕೊಡಲು ಪೇಟೆಗೆ ಹೋಗಿದ್ದಳು, ಬರುವಷ್ಟರಲ್ಲಿ ಎಲ್ಲವೂ ಒಂದೇ ಬಟ್ಟಲಿನಲ್ಲಿ ತಿಂದಾಗಿತ್ತು. ವಾರ ಕಳೆಯುವುದರೊಳಗೆ ಸೀನು ಶುರುವಾಯಿತು. ಕೋಳಿಗಳ ಕಣ್ಣು ಊದಿಕೊಂಡವು, ಕತ್ತು ಜೋತುಬಿತ್ತು, ಬೆಳಿಗ್ಗೆ ಗೂಡು ತೆರೆದರೆ ಒಂದೊಂದಾಗಿ ಮಗುಚಿಕೊಂಡಿರುತ್ತಿದ್ದವು. ಅತ್ತೆಯ ಚುಕ್ಕಿ ಕೋಳಿಗಳಲ್ಲಿ ಉಳಿದದ್ದು ಒಂದೇ ಒಂದು.

ದುಃಖದಲ್ಲಿ ನಾಲಿಗೆಗೆ ಕಡಿವಾಣ ಇರುವುದಿಲ್ಲ. "ಅತ್ತೆ ಹೋದ್ರು. ಅವರ ಕೋಳಿನಾದ್ರೂ ಉಳೀಲಿ ಅಂತಿದ್ದೆ. ಅದನ್ನೂ ನೀವು ಕೊಂದ್ರಿ. ಗೊತ್ತಿದ್ದೂ ಗೊತ್ತಿದ್ದೂ ಕೊಂದ್ರಿ" ಎಂದಳು ಕಾಜಾ ಅಕ್ಕ. ಅಷ್ಟು ಮಕ್ಕಳನ್ನು ಗದರಿಸಿ ಸುಮ್ಮನಿರಿಸುವ ಅಕ್ಕ ಕೈಯಲ್ಲಿದ್ದ ನುಚ್ಚಿನ ಬಟ್ಟಲನ್ನು ಅಲ್ಲೇ ಇಟ್ಟಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಮನೆ ಎರಡಾಯಿತು, ಹಿತ್ತಲಿಗೆ ಗೋಡೆ ಬಂತು. ಅಣ್ಣ ತಮ್ಮ ಇಬ್ಬರೂ ಸೇರಿಯೇ ಇಟ್ಟಿಗೆ ಹೊತ್ತರು. ಕೆಲಸ ಮುಗಿದ ಮೇಲೆ ಬೀದಿ ಕೊನೆಯ ಅಂಗಡಿಗೆ ಹೋಗಿ ಒಟ್ಟಿಗೆ ಚಹಾ ಕುಡಿದರು, ಪಾಪ, ಅವರಿಗೇನು ಜಗಳ? ಹೆಂಗಸರಿಬ್ಬರು ಮಾತ್ರ ಬಾಯಿಗೆ ಬೀಗ ಜಡಿದುಕೊಂಡರು. ಪೂರ್ತಿ ಜಡಿದುಕೊಂಡರು ಎಂದರೆ ಸುಳ್ಳಾದೀತು. ಇಬ್ಬರಿಗೂ ಕೋಳಿಗಳಿದ್ದವಲ್ಲ.

"ಏ ಕೋಳಿ, ಕೆಲವರ ಮನೆ ಎಲೆ ಕಸ ಎಲ್ಲ ನಮ್ಮ ಕಡೆಗೇ ಹಾರಿ ಬರುತ್ತೆ, ಸ್ವಲ್ಪ ನೋಡ್ಕೋ" ಎಂದು ಅಕ್ಕ ತನ್ನ ಕೋಳಿಗೆ ಹೇಳಿದರೆ, ಗೋಡೆಯ ಈಚೆಯಿಂದ ಕಾಜಾ ಅಕ್ಕ ತನ್ನ ಕೋಳಿಗೆ, "ಗಾಳಿಗೂ ನಾವೇ ಹೇಳಿಕೊಟ್ಟಿದ್ದೀವಿ ಅಂತಾರೆ ಕಣೇ" ಎನ್ನುತ್ತಿದ್ದಳು. ಭಾವ ತೀರಿಕೊಂಡಾಗ ಕಾಜಾ ಅಕ್ಕ ಹೋಗಿ ಅಕ್ಕನ ಪಕ್ಕದಲ್ಲಿ ಇಡೀ ದಿನ ಕೂತಿದ್ದಳು. ಸಂಜೆ ಎದ್ದು ಬಂದಳು. ಆ ದಿನ ಮಾತಾಡಬೇಕಿತ್ತು ಎಂದು ಎಷ್ಟೋ ಅಂಗಿಗೆ ಗುಂಡಿ ಹಚ್ಚುತ್ತಾ ಪರಿತಪಿಸಿದ್ದಾಳೆ.

ಹೀಗೇ ವರ್ಷಗಳು ಉರುಳಿದವು. ಉಳಿದ ಆ ಒಂದು ಚುಕ್ಕಿ ಕೋಳಿಯ ಮರಿ, ಮರಿಯ ಮರಿ ಎಂದು ಕಾಜಾ ಅಕ್ಕನ ಗೂಡು ತುಂಬಿತು. ಆದರೆ ಅತ್ತೆಯ ಕೋಳಿಗಳ ಬಣ್ಣ ಹಾಗೇ ಇಳಿದು ಬಂದದ್ದು ಒಂದಕ್ಕೆ ಮಾತ್ರ. ಅದನ್ನು ಅವಳು ಚುಕ್ಕಿ ಎಂದು ಕರೆದು, ತಲೆಯ ಮೇಲೆ ಕೂರಿಸಿಕೊಂಡಿದ್ದಳು. ಚುಕ್ಕಿಯೂ ಹಾಗೇ, ಗೂಡಿನ ಯಜಮಾನಿ. ಅದು ತಿಂದು ಬಿಟ್ಟ ಮೇಲೇ ಬೇರೆಯವು ಬಟ್ಟಲಿಗೆ ಬಾಯಿ ಹಾಕಬೇಕು.

ಆಗ ಒಂದು ಮಳೆಗಾಲದ ಬೆಳಿಗ್ಗೆ ನೆನೆದು ನಿಂತಿದ್ದ ಗೋಡೆ ಅಕ್ಕನ ಕಡೆಗೆ ಮಗುಚಿತು. ಬಿದ್ದದ್ದು ಅವಳ ಕೋಳಿಗೂಡಿನ ಮೇಲೆ. ಕೋಳಿಗಳು ಹೊರಗಿದ್ದುದರಿಂದ ಬದುಕಿದವು, ಗೂಡು ಪುಡಿಪುಡಿಯಾಯಿತು. ಸದ್ದು ಕೇಳಿ ಓಡಿ ಬಂದ ಅಕ್ಕ ಕೆಸರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಅವಳನ್ನು ಎತ್ತಿ ಗಾಡಿಗೆ ಹಾಕಿದವರಲ್ಲಿ ಕಾಜಾ ಅಕ್ಕನೂ ಒಬ್ಬಳು. ನೋವಿನಲ್ಲಿ ಅಕ್ಕ ಇವಳ ಕೈಯನ್ನೇ ಹಿಡಿದಿದ್ದಳು, ಯಾರ ಕೈ ಎಂದು ನೋಡದೆ.

ಅಕ್ಕನ ಮಗಳು ಬಸ್ ಕಂಡಕ್ಟರ್. ಮೂರು ಹೊತ್ತು ಬಸ್ಸು, ಆಸ್ಪತ್ರೆ ಎಂದು ಅಲೆದು ಹಣ್ಣಾಗಿದ್ದಳು. "ಚಿಕ್ಕಮ್ಮಾ, ಗೂಡೂ ಇಲ್ಲ, ನೋಡೋರೂ ಇಲ್ಲ. ಕೋಳಿ ಅಂಗಡಿಯವನಿಗೆ ಕೊಟ್ಟುಬಿಡ್ತೀನಿ. ಅಮ್ಮನಿಗೆ ಹೇಳಿದೆ, ಗೋಡೆ ಕಡೆ ಮುಖ ತಿರುಗಿಸಿಕೊಂಡ್ಳು" ಎಂದಳು.

ಕಾಜಾ ಅಕ್ಕ, "ಅಂಗಡಿಗಾ? ಬೇಡ ಮಗಳೇ, ನಮ್ಮ ಗೂಡಿಗೆ ಕೊಡು" ಎಂದುಬಿಟ್ಟಳು.

ಅಂದದ್ದೇನೋ ಅಂದಳು, ಆ ರಾತ್ರಿ ನಿದ್ದೆ ಬರಲಿಲ್ಲ. ಹಳೇ ಗುಂಪಿಗೆ ಹೊಸ ಕೋಳಿ ಸೇರಿಸುವುದು ಹುಡುಗಾಟವಲ್ಲ. ಕುಕ್ಕಿ ಕುಕ್ಕಿ ಕೊಂದೇ ಬಿಡುತ್ತವೆ. ಅಕ್ಕನ ಒಂದೇ ಒಂದು ಕೋಳಿ ತನ್ನ ಹಿತ್ತಲಲ್ಲಿ ಸತ್ತರೂ, "ಹಳೇ ಸೇಡು ತೀರಿಸಿಕೊಂಡ್ಳು" ಎಂದೇ ಅರ್ಥ. ಆಮೇಲೆ ಈ ಜನ್ಮದಲ್ಲಿ ಮಾತಿಲ್ಲ. ಇಬ್ಬರಿಗೂ ತಲೆ ನೆರೆತಿದೆ, ಮಾತು ಹೊರಬರಲು ಇನ್ನೊಂದು ದಾರಿ ಸಿಗುವ ವಯಸ್ಸೂ ಅಲ್ಲ.

"ಅಷ್ಟು ಯೋಚನೆ ಯಾಕೆ? ಬಿಡು, ಅವೇ ಹೊಂದಿಕೊಳ್ತವೆ" ಎಂದ ಗಂಡ.

"ಪಂಪಿಗೆ ತಪ್ಪು ವಾಷರ್ ಹಾಕಿ, ಅದೇ ಹೊಂದಿಕೊಳ್ಳುತ್ತೆ ಅಂತ ಬಿಡ್ತೀರಾ?"

ಗಂಡ ಗೋಡೆ ಬಿದ್ದ ಜಾಗಕ್ಕೆ ತಗಡು ಅಡ್ಡ ಕಟ್ಟಿ, ಸೌದೆ ಕೋಣೆ ಗುಡಿಸಿ ಕೊಟ್ಟ. ಅಕ್ಕನ ಕೋಳಿಗಳು, ಕೆಂಚು ಬಣ್ಣದ ಐದು, ಅದರೊಳಗೆ ಹೋದವು. ಕಾಜಾ ಅಕ್ಕ ಬಾಗಿಲಲ್ಲಿ ಬೇರೆ ಚಪ್ಪಲಿ ಇಟ್ಟಳು. ಅತ್ತೆ ಹೇಳಿದ ಕ್ರಮದಲ್ಲೇ ಮೊದಲು ಹಿತ್ತಲಿಗೆ, ಆಮೇಲೆ ಸೌದೆ ಕೋಣೆಗೆ ಕಾಳು ಹಾಕಿದಳು. ದಿನಾ ಒಂದೊಂದನ್ನೂ ಎತ್ತಿ ರೆಕ್ಕೆಯಡಿ ಹೇನು ಹುಡುಕಿದಳು, ಕಣ್ಣು ಮೂಗು ನೋಡಿದಳು.

ಅಕ್ಕ ಆಸ್ಪತ್ರೆಯಿಂದ ಬಂದು ಹಿಂದಿನ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡಳು. ತಗಡಿನ ಸಂದಿಯಲ್ಲಿ ಈಚೆ ಹಿತ್ತಲು ಅಷ್ಟಿಷ್ಟು ಕಾಣುತ್ತಿತ್ತು. ಅಲ್ಲಿ ತನ್ನ ಕೋಳಿಗಳಿಲ್ಲ. ಬೇರೆ ಕೂಡಿಹಾಕಿದ್ದಾರೆ ಎಂದು ಮಗಳಿಂದ ತಿಳಿದಾಗ ಅವಳ ಮುಖ ಕಪ್ಪಿಟ್ಟಿತು. ಮಗಳು ಆ ಸಂಜೆ ಬಂದು ಹೇಳಲೋ ಬೇಡವೋ ಎಂದು ನಿಂತಳು.

"ಏನಂದ್ಳು ಹೇಳು" ಎಂದಳು ಕಾಜಾ ಅಕ್ಕ.

"ನನ್ನ ಕೋಳಿ ಅಂದ್ರೆ ರೋಗ ಅಂತ ಅವಳು ಮುದ್ರೆ ಒತ್ತಿಬಿಟ್ಟಿದ್ದಾಳೆ, ಅದಕ್ಕಿಂತ ಅಂಗಡಿಯವನಿಗೇ ಕೊಟ್ಟುಬಿಡು ಅಂತಾಳೆ."

ಕಾಜಾ ಅಕ್ಕನ ಕೈ ಸೌದೆ ಕೋಣೆಯ ಚಿಲಕದ ಮೇಲೆ ಹೋಯಿತು. ತೆಗೆದು ಬಿಟ್ಟುಬಿಡಬಹುದಿತ್ತು. ಅಕ್ಕನ ಮುಖ ಈ ಗಳಿಗೆಯೇ ಅರಳುತ್ತಿತ್ತು. ಆದರೆ ಅಂದು ಅಕ್ಕನೂ ಮನೆ ಅರಳಲಿ ಎಂದೇ ಆ ನಾಲ್ಕು ಹೇಂಟೆ ಬಿಟ್ಟದ್ದಲ್ಲವೇ? ಅದು ಹೊಳೆದಾಗ ಇಷ್ಟು ವರ್ಷ ತಾನು ಹೊತ್ತುಕೊಂಡಿದ್ದ ಸಿಟ್ಟು ಸ್ವಲ್ಪ ಜಾರಿತು. ಕೈ ಹಿಂದಕ್ಕೆ ತೆಗೆದಳು.

"ಅಮ್ಮನಿಗೆ ಹೇಳು. ಅವುಗಳಿಗೆ ರೋಗ ಇದೆ ಅಂತಲ್ಲ. ನನ್ನ ಕೋಳಿಯಿಂದ ಅವಕ್ಕೆ ಏನಾದ್ರೂ ಅಂಟಿದ್ರೆ ನಾನು ಅಮ್ಮನಿಗೆ ಹೇಗೆ ಮುಖ ತೋರಿಸಲಿ? ಒಂದು ತಿಂಗಳು ಹೋಗಲಿ ಅನ್ನು."

ಆಚೆಯಿಂದ ಉತ್ತರ ಬರಲಿಲ್ಲ. ಅಂಗಡಿಯವನೂ ಬರಲಿಲ್ಲ.

ತಿಂಗಳು ಕಳೆಯಿತು. ಒಂದೂ ಸೀನಲಿಲ್ಲ. ಕಾಜಾ ಅಕ್ಕ ಗಂಡನಿಗೆ ಹೇಳಿ ಹಿತ್ತಲಿನ ಒಂದು ಮೂಲೆಗೆ ತಂತಿ ಜಾಲರಿ ಕಟ್ಟಿಸಿ, ಕೆಂಚು ಕೋಳಿಗಳನ್ನು ಅದರೊಳಗೆ ಬಿಟ್ಟಳು. ಆಮೇಲೆ, "ಆ ತಗಡೂ ತೆಗೆದು ಜಾಲರಿನೇ ಕಟ್ಟಿಬಿಡಿ, ಗಾಳಿ ಆಡ್ಲಿ" ಎಂದಳು. ಗಾಳಿಗೇನು ಬರ ಇರಲಿಲ್ಲ. ಅಕ್ಕನ ಮಂಚದಿಂದ ಹಿತ್ತಲು ಪೂರ್ತಿ ಕಾಣಲಿ ಎಂಬುದು ಅವಳ ಲೆಕ್ಕ. ಗಂಡನಿಗೂ ಅದು ಗೊತ್ತಾಯಿತು, ಗೊತ್ತಾಗದವನ ಹಾಗೆ ಶಿಳ್ಳೆ ಹಾಕುತ್ತಾ ಕಟ್ಟಿದ.

ಜಾಲರಿಯ ಎರಡು ಕಡೆಯೂ ಒಂದೇ ಹೊತ್ತಿಗೆ, ಪಕ್ಕಪಕ್ಕದಲ್ಲೇ ಕಾಳು ಬೀಳುತ್ತಿತ್ತು. ಮೊದಮೊದಲು ಹಳೇ ಕೋಳಿಗಳು ಕತ್ತಿನ ಪುಕ್ಕ ನಿಮಿರಿಸಿ ಜಾಲರಿಗೆ ಹಾರಿದವು. ಬರಬರುತ್ತಾ ಬೇಸರ ಬಂದು ತಿನ್ನುವುದರಲ್ಲಿ ಮುಳುಗಿದವು. ಚುಕ್ಕಿಯೊಂದಕ್ಕೆ ಬೇಸರ ಬರಲಿಲ್ಲ. ಕಿಟಕಿಯಲ್ಲಿ ಅಕ್ಕ, ಮೆಟ್ಟಿಲ ಮೇಲೆ ಕಾಜಾ ಅಕ್ಕ, ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕೋಳಿಗಳನ್ನು ಕಾದರು, ಒಬ್ಬರನ್ನೊಬ್ಬರು ನೋಡದೆ.

ಒಟ್ಟಿಗೆ ಬಿಡುವ ದಿನ ಅವಳು ಅಂಗಿ ಕೆಲಸ ಮುಟ್ಟಲಿಲ್ಲ. ಕಾಳಿನ ಬಟ್ಟಲು, ನೀರಿನ ಬಟ್ಟಲುಗಳನ್ನು ದೂರದೂರ ಇಟ್ಟಳು. ಓಡಿ ಬಚ್ಚಿಟ್ಟುಕೊಳ್ಳಲು ಹಳೇ ಹಣ್ಣಿನ ಪೆಟ್ಟಿಗೆಗಳನ್ನು ಎರಡೂ ಕಡೆ ತೆರೆದಿರುವಂತೆ ಅಲ್ಲಲ್ಲಿ ಮಗುಚಿದಳು, ಒಳಹೊಕ್ಕ ಕೋಳಿ ಮೂಲೆಯಲ್ಲಿ ಸಿಕ್ಕಿಕೊಳ್ಳಬಾರದಲ್ಲ. ಕುಕ್ಕುವ ಚಟಕ್ಕೆ ಒಂದು ಎಲೆಕೋಸನ್ನು ದಾರ ಕಟ್ಟಿ ನೇತುಹಾಕಿದಳು. ಇಳಿಹೊತ್ತಿಗೆ ಐದನ್ನೂ ಒಟ್ಟಿಗೇ ಬಿಟ್ಟಳು. ಒಂದೊಂದಾಗಿ ಬಿಟ್ಟರೆ ಒಂದರ ಮೇಲೇ ಎಲ್ಲರ ಏಟು.

ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ನಂತರ ಚುಕ್ಕಿ ಎಲೆಕೋಸು ಬಿಟ್ಟು ಬಂತು. ಐದರಲ್ಲಿ ತೀರ ಚಿಕ್ಕದು, ಅಕ್ಕನ ಮುದ್ದಿನ ಕೆಂಚಿಯನ್ನು ಆರಿಸಿಕೊಂಡು ಅಟ್ಟಿಸಿತು. ಕೆಂಚಿ ಪೆಟ್ಟಿಗೆ ಹೊಕ್ಕಿತು, ಇದೂ ಹೊಕ್ಕಿತು. ಹೊರಬಂದಾಗ ಕೆಂಚಿಯ ಜುಟ್ಟಿನಿಂದ ರಕ್ತ ಸುರಿಯುತ್ತಿತ್ತು. ರಕ್ತ ಕಂಡ ಉಳಿದವೂ ಕತ್ತು ಚಾಚಿದವು. ಕಾಜಾ ಅಕ್ಕ ನುಗ್ಗಿ ಕೆಂಚಿಯನ್ನು ಎತ್ತಿ ಸೆರಗಲ್ಲಿ ಮುಚ್ಚಿಕೊಂಡು ಸೌದೆ ಕೋಣೆಯತ್ತ ಓಡಿದಳು.

"ಏಯ್! ಅದನ್ನಲ್ಲ ಕಣೇ!"

ಹಾಸ್ಟೆಲಿನ ಗಂಟಲು. ಕಾಜಾ ಅಕ್ಕ ನಿಂತಲ್ಲೇ ನಿಂತಳು. ಕಿಟಕಿಯ ಸರಳು ಹಿಡಿದು ಅಕ್ಕ ಅರ್ಧ ಎದ್ದಿದ್ದಳು. ಈ ಮಾತು ಕೋಳಿಗಲ್ಲ, ಇವಳಿಗೇ.

"ಏಟು ತಿಂದದ್ದನ್ನ ಯಾಕೇ ಹೊರಗೆ ಹಾಕ್ತೀಯ? ಅದು ವಾಪಸ್ ಬರೋಷ್ಟರಲ್ಲಿ ಮತ್ತೆ ಹೊಸಬಳಾಗಿರುತ್ತೆ, ಮತ್ತೆ ಏಟು. ಅದಕ್ಕೆ ನೇರಳೆ ಔಷಧಿ ಹಚ್ಚಿ ರಕ್ತ ಮುಚ್ಚು, ಅದರ ಜೊತೆಯವಳೊಬ್ಬಳನ್ನೂ ಸೇರಿಸಿ ಜಾಲರಿ ಒಳಗೆ ಬಿಡು. ಹೊಡೆದವಳನ್ನ ಹೊರಗೆ ಹಾಕು!"

"ಅಕ್ಕಾ..." ಎಷ್ಟೋ ವರ್ಷದ ನಂತರ ಆ ಪದ ಬಾಯಿಂದ ಬಂದಾಗ ಅವಳ ದನಿಯೇ ಅವಳಿಗೆ ಬೇರೆಯಾಗಿ ಕೇಳಿಸಿತು. "ಅದು ಚುಕ್ಕಿ ಅಕ್ಕಾ. ಅತ್ತೆ ಕೋಳಿ. ಅದನ್ನ ಹೇಗೆ ಹೊರಗೆ ಹಾಕಲಿ?"

"ಅತ್ತೇನೇ ಹೇಳಿದ್ದು ಕಣೇ ಇದನ್ನ. ನೀನು ಈ ಮನೆಗೆ ಬರೋ ಮುಂಚೆ. ಕೆಲವು ದಿನ ಕಣ್ಣಿಗೆ ಕಾಣದ ಹಾಗೆ ಬೇರೆ ಇಡು. ಅಷ್ಟರಲ್ಲಿ ಅದರ ಜಾಗ ಬೇರೆಯವರು ಹಿಡೀತಾರೆ. ವಾಪಸ್ ಬಂದಾಗ ಅವಳೇ ಹೊಸಬಳು."

ಕಾಜಾ ಅಕ್ಕ ಕೆಂಚಿಗೆ ಔಷಧಿ ಹಚ್ಚಿದಳು. ಚುಕ್ಕಿಯನ್ನು ಹಿಡಿದು ಎದೆಗೊತ್ತಿಕೊಂಡಳು. ಅತ್ತೆಯದು ಎಂದು ಉಳಿದದ್ದು ಇದೊಂದೇ. ಹೊರಗೆ ಹಾಕುವುದೆಂದರೆ ಎಲ್ಲಿಗೆ? ಸೌದೆ ಕೋಣೆಯ ಕತ್ತಲಲ್ಲಿ ಒಂಟಿಯಾಗಿ ಕೂಡಿಹಾಕಲು ಮನಸ್ಸು ಬರಲಿಲ್ಲ, ಹಿತ್ತಲಲ್ಲಿ ಎಲ್ಲಿಟ್ಟರೂ ಗುಂಪಿಗೆ ಕಾಣುತ್ತದೆ. ಕಿಟಕಿಯಿಂದ ದನಿ ಈ ಸಲ ಮೆಲ್ಲಗೆ ಬಂತು.

"ನಮ್ಮ ಕಡೆ ತಂದಿಡು. ಈ ಕಿಟಕಿ ಕೆಳಗೆ. ಪೆಟ್ಟಿಗೆ ಅಡ್ಡ ಇದ್ರೆ ಅವಕ್ಕೆ ಕಾಣಲ್ಲ. ನಾನು ನೋಡ್ಕೊಳ್ತೀನಿ." ಮತ್ತೆ ದಿಂಬಿಗೆ ಒರಗುತ್ತಾ, "ನನ್ನ ಕೈಗೆ ಕೊಡೋಕೆ ಧೈರ್ಯ ಇದ್ರೆ" ಎಂದಳು.

ಆ ಕೊನೆಯ ಮಾತು ನೆಟ್ಟಗೆ ಎದೆಗೆ ತಾಗಿತು. ಕಾಜಾ ಅಕ್ಕ ಬೀದಿಯ ಕಡೆಯಿಂದ ಸುತ್ತು ಬಳಸಿ, ಎಷ್ಟೋ ವರ್ಷ ತುಳಿಯದ ಹೊಸಲು ದಾಟಿ, ಚುಕ್ಕಿಯನ್ನು ತಂದು ಅಕ್ಕನ ಮಡಿಲಲ್ಲೇ ಇಟ್ಟಳು.

ಚುಕ್ಕಿಗೆ ಕಾಳು ಹಾಕುವ ನೆಪದಲ್ಲಿ ಬೆಳಿಗ್ಗೆ ಬಂದಳು, ನೀರು ಬದಲಿಸುವ ನೆಪದಲ್ಲಿ ಸಂಜೆ ಬಂದಳು. ನೆಪಗಳು ಮುಗಿದ ಮೇಲೆ ಅಂಗಿ ಗಂಟನ್ನೇ ತಂದು ಮಂಚದ ಪಕ್ಕ ಕೂತಳು. ಅಕ್ಕ ಕಿಟಕಿಯಿಂದ ತುತ್ತು ತುತ್ತು ಎಸೆದು ಚುಕ್ಕಿಯನ್ನು ಕೆಡಿಸುತ್ತಿದ್ದಳು. "ಶಿಕ್ಷೆಗೆ ಕಳಿಸಿದ್ರೆ ಮಾವನ ಮನೆ ಮಾಡ್ಕೊಂಡಿದೆ" ಎಂದು ಇವಳು ಗೊಣಗಿದಳು. ಅಕ್ಕ ನಕ್ಕಳು. ಬಟ್ಟೆ ಕಲ್ಲಿನ ಹತ್ತಿರದ ಅದೇ ನಗು, ಸೊಂಟ ನೋಯುತ್ತದೆಂದು ಅರ್ಧಕ್ಕೇ ನಿಂತಿತು.

ಒಂದು ಮಧ್ಯಾಹ್ನ ಅಕ್ಕ ಕೇಳಿದಳು. "ಸೌದೆ ಕೋಣೆ, ಬೇರೆ ಚಪ್ಪಲಿ, ಇದೆಲ್ಲ ನಿನಗೆ ಯಾರು ಹೇಳಿದ್ದು?"

"ಅತ್ತೆ. ನೀವು ಬಾಣಂತನಕ್ಕೆ ಹೋಗಿದ್ರಲ್ಲ, ಆಗ."

ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. "ನನಗೆ ಗೊತ್ತಿರಲಿಲ್ಲ ಕಣೇ" ಎಂದಳು.

ಕಾಜಾ ಅಕ್ಕನ ಸೂಜಿ ಕಾಜಾದ ಅಂಚಿನಲ್ಲೇ ನಿಂತಿತು. ಗೊತ್ತಿದ್ದೂ ಕೊಂದ್ರಿ ಎಂದಿದ್ದಳು ತಾನು. "ನಿಮಗೆ ಗೊತ್ತಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ ಅಕ್ಕಾ" ಎಂದು ಹೇಳುವಷ್ಟರಲ್ಲಿ ಕಣ್ಣು ತುಂಬಿ ಸೂಜಿ ಕಾಣದಾಯಿತು. ಅತ್ತೆ ಅರ್ಧ ವಿದ್ಯೆ ಒಬ್ಬಳಿಗೆ, ಅರ್ಧ ಇನ್ನೊಬ್ಬಳಿಗೆ ಹೇಳಿ ಹೋಗಿದ್ದರು. ಅವರಿಗೇನು ಗೊತ್ತಿತ್ತು, ಸೊಸೆಯರು ನಡುವೆ ಗೋಡೆ ಹಾಕಿಕೊಳ್ಳುತ್ತಾರೆ ಎಂದು.

ಚುಕ್ಕಿಯನ್ನು ಒಂದು ಮುಸ್ಸಂಜೆ, ಕೋಳಿಗಳು ಗೂಡು ಸೇರುವ ಹೊತ್ತಿಗೆ ವಾಪಸು ಬಿಟ್ಟರು. ಅಕ್ಕ ವಾಕರ್ ಹಿಡಿದು ಜಾಲರಿಯವರೆಗೆ ಬಂದು ನಿಂತಿದ್ದಳು. ಗೂಡಿನ ಮೇಲಿನ ಅಡ್ಡಕೋಲು ತುಂಬಿತ್ತು, ಚುಕ್ಕಿ ಕೂರುತ್ತಿದ್ದ ಜಾಗದಲ್ಲಿ ಇನ್ನೊಂದು ಕೋಳಿ. ಚುಕ್ಕಿ ಎರಡು ಸಲ ಹಾರಲು ನೋಡಿ, ಏಟು ತಿಂದು, ಕೆಳಗಿನ ಕೋಲಿಗೆ ಇಳಿಯಿತು. ಅಲ್ಲಿ, ಆಗಲೇ ಗುಂಪು ಸೇರಿದ್ದ ನೇರಳೆ ಜುಟ್ಟಿನ ಕೆಂಚಿ ಕೂತಿತ್ತು. ಕೆಂಚಿ ಒಂದು ಸಲ ಕತ್ತು ಎತ್ತಿ ನೋಡಿತು. ಆಮೇಲೆ ಒಂದಿಷ್ಟು ಸರಿದು ಕೂತಿತು.

ಮಳೆ ನಿಂತ ಮೇಲೆ ಗೋಡೆ ಕಟ್ಟಲು ಮೇಸ್ತ್ರಿ ಬಂದ. ಬೀದಿ ನಾಯಿಗಳ ಕಾಟಕ್ಕೆ ಗೋಡೆ ಬೇಕೇ ಬೇಕಿತ್ತು.

"ನಡುವೆ ಒಂದು ಬಾಗಿಲು ಬಿಡಪ್ಪ, ಕೋಳಿ ಓಡಾಡೋಕೆ" ಎಂದಳು ಅಕ್ಕ.

ಮೇಸ್ತ್ರಿ ಮಂಡಿಯ ಹತ್ತಿರ ಕೈ ಹಿಡಿದು, "ಇಷ್ಟು ಎತ್ತರ ಸಾಕಲ್ಲಮ್ಮಾ?" ಎಂದ.

"ಸಾಲದು."

ಸೊಂಟಕ್ಕೆ ಏರಿಸಿದ. ಕಾಜಾ ಅಕ್ಕ, "ಇನ್ನೂ ಮೇಲೆ" ಎಂದಳು. ಎದೆಗೆ ಏರಿಸಿದ. ಅಕ್ಕ ವಾಕರ್ ಮೇಲೆ ಭಾರ ಹಾಕಿ ನೆಟ್ಟಗೆ ನಿಂತು, "ನನಗೆ ಬಗ್ಗೋಕಾಗಲ್ಲ ಕಣಪ್ಪ" ಎಂದಳು. ಮೇಸ್ತ್ರಿ ಇಬ್ಬರ ಮುಖವನ್ನೂ ನೋಡಿ ತಲೆ ಕೆರೆದುಕೊಂಡು, ಆಳೆತ್ತರಕ್ಕೆ ಗುರುತು ಹಾಕಿದ.

"ಚಿಲಕ ಯಾರ ಕಡೆ ಇಡ್ಲಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕನೇ ಹೇಳಿದಳು, "ಕೋಳಿಗೆ ಚಿಲಕ ತೆಗೆಯೋಕೆ ಬರುತ್ತೇನಪ್ಪ? ಬೇಡ ಬಿಡು."

ಅಕ್ಕ ಹೋಗಿ ಈಗ ಕೆಲವು ವರ್ಷಗಳಾದವು. ಚುಕ್ಕಿ, ಕೆಂಚಿ ಎಲ್ಲ ಅದಕ್ಕೂ ಮುಂಚೆಯೇ ಹೋದವು. ಆಚೆ ಮನೆಯಲ್ಲಿ ಮಗಳಿದ್ದಾಳೆ, ಬಸ್ಸಿನಿಂದ ಬಂದವಳೇ ಆ ಬಾಗಿಲಿನಿಂದಲೇ ಚಿಕ್ಕಮ್ಮನ ಮನೆಗೆ ಊಟಕ್ಕೆ ಬರುತ್ತಾಳೆ. ಹೊಸ ಕೋಳಿ ಬಂದರೆ ಈಗಲೂ ಮೊದಲು ಸೌದೆ ಕೋಣೆಗೆ. ಬಾಗಿಲಿಗೆ ಚಿಲಕವಿಲ್ಲದ್ದರಿಂದ ಗಾಳಿ ಬಂದರೆ ಅದು ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ. ಆಗೆಲ್ಲ ಮೆಟ್ಟಿಲ ಮೇಲೆ ಕೂತ ಕಾಜಾ ಅಕ್ಕ ಸೂಜಿ ನಿಲ್ಲಿಸಿ, "ಬನ್ನಿ ಅಕ್ಕಾ" ಎನ್ನುತ್ತಾಳೆ. ಯಾರಾದರೂ ಕೇಳಿಸಿಕೊಂಡರೆ, ಕೋಳಿಗೆ ಹೇಳಿದೆ ಎನ್ನುತ್ತಾಳೆ.